ಒಂದು ಚೊಂಬು ಸಿಹಿನೀರು

ನಮ್ಮ ಭಾವನಿಗೆ ತಲೆ ಕೆಟ್ಟಿದೆ ಎಂದು ನಾನಂತೂ ಎಲ್ಲೂ ಹೇಳಿಲ್ಲ. ಹೇಳುವ ಅಗತ್ಯವಾದರೂ ಏನಿತ್ತು? ಡೆಟ್ರಾಯಿಟ್ ಸುತ್ತಮುತ್ತಲಿನ ಅಷ್ಟೂ ಕನ್ನಡಿಗರು ಆ ಕೆಲಸವನ್ನು ನನಗಿಂತ ಮೊದಲೇ ಮಾಡಿ ಮುಗಿಸಿದ್ದರು!

ಭಾವ ಅಂದರೆ ನಮ್ಮಕ್ಕನ ಗಂಡ. ವಿಕ್ಸಮ್‌ನಲ್ಲಿ ಮನೆ, ಸೌತ್‌ಫೀಲ್ಡಿನಲ್ಲಿ ಆಫೀಸು. ಕಾರಿನ ಸೀಟನ್ನು ಹಿಂದಕ್ಕೆ ಬಾಗಿಸುವ ಹಿಡಿ ಇರುತ್ತದಲ್ಲ, ಇಪ್ಪತ್ತೆರಡು ವರ್ಷ ಅದೊಂದನ್ನೇ ಡಿಸೈನ್ ಮಾಡಿದವರು. ರಿಸೆಷನ್ ಬಂತು, ಜನ ಕಾರು ಕೊಳ್ಳುವುದನ್ನು ಬಿಟ್ಟರು, ಒಂದು ಶುಕ್ರವಾರ ಭಾವನ ಕೈಗೆ ಸಾಮಾನು ತುಂಬಿಕೊಳ್ಳಲು ರಟ್ಟಿನ ಡಬ್ಬ ಕೊಟ್ಟು ಮನೆಗೆ ಕಳಿಸಿದರು. ಜೊತೆಗೆ ಕೆಲಸ ಕಳೆದುಕೊಂಡವರೆಲ್ಲ ರೆಸ್ಯೂಮೆ ತಿದ್ದುತ್ತ ಕೂತರೆ, ನಮ್ಮ ಭಾವ ಫ್ಲಾರಿಡಾಕ್ಕೆ ಹೋಗಿ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಬಹಾಮಾಸ್ ದ್ವೀಪಗಳ ಕಡೆ ಹೊರಟೇಬಿಟ್ಟರು. ಯಾಕಂತೆ? ಒಂದು ಹಕ್ಕಿ ನೋಡಬೇಕಂತೆ!

ಹಕ್ಕಿ ಅಂದರೆ ನವಿಲು, ಗರುಡ ಎಂದು ತಿಳಿಯಬೇಡಿ. ಮುಷ್ಟಿಯೊಳಗೆ ಹಿಡಿಯುವಷ್ಟಿದೆ. ಬೂದು ಬೆನ್ನು, ಹಳದಿ ಹೊಟ್ಟೆ, ಸುಮ್ಮನೆ ಕೂರಲಾರದೆ ಕುಣಿಸುವ ಬಾಲ. ಬೇಸಿಗೆಯಲ್ಲಿ ಮಿಶಿಗನ್ನಿನ ಪೈನ್ ಗಿಡಗಳ ಬುಡದಲ್ಲಿ ಗೂಡು ಕಟ್ಟುತ್ತದೆ, ಚಳಿಗಾಲಕ್ಕೆ ಬಹಾಮಾಸ್‌ಗೆ ಹಾರುತ್ತದೆ.

"ಮನೆಯಿಂದ ಮೂರ್ ಗಂಟೆ ಡ್ರೈವ್ ಮಾಡಿದ್ರೆ ಅದರ ಗೂಡೇ ಸಿಗತ್ತಲ್ಲ ಭಾವ! ಜೂನ್‌ವರೆಗೆ ಕಾಯಬಾರ್ದಾ?" ಎಂದು ಆಗಲೇ ಕೇಳಿದ್ದೆ.

"ಜೂನ್‌ವರೆಗೆ ಏನ್ ಮಾಡ್ಲಿ? ಸೋಫಾ ಮೇಲೆ ಕೂತು ನಿಮ್ಮಕ್ಕ ಕೆಲಸಕ್ಕೆ ಹೋಗೋದನ್ನ ನೋಡ್ಲಾ?" ಎಂದಿದ್ದರು.

ನಾಲ್ಕು ತಿಂಗಳು ಕಳೆದರೂ ಭಾವ ಬರಲಿಲ್ಲ. ಮಾರ್ಚಿನಲ್ಲಿ ಅಕ್ಕ, ಓಕ್ ಬ್ರೂಕ್‌ನಲ್ಲಿರುವ ನನಗೆ ಫೋನ್ ಮಾಡಿದಳು. "ಸೌತ್‌ಫೀಲ್ಡಲ್ಲಿ ಒಂದ್ ಇಂಟರ್‌ವ್ಯೂ ಬಂದಿದೆ ಕಣೋ, ಬರೋ ಸೋಮವಾರ ಬಿಟ್ಟು ಆಚೆ ಸೋಮವಾರ ಹತ್ತು ಗಂಟೆಗೆ. ಇಷ್ಟ್ ದಿನಕ್ಕೆ ಇದೊಂದೇ ಕರೆದಿರೋದು. ಇವರು ನೋಡಿದ್ರೆ ಹಕ್ಕಿ ಸಿಕ್ಕಿದ ಮೇಲೆ ಬರ್ತೀನಿ ಅಂತಾರೆ. ನೀನೇ ಹೋಗಿ ಕರ್ಕೊಂಡ್ ಬಾ. ಈ ಸಲ ಬರದಿದ್ರೆ ಆ ಮನುಷ್ಯ ಇನ್ನು ಬರಲ್ಲ." ಅಕ್ಕ ಡಾಕ್ಟರು. ಎಂಥೆಂಥ ಸುದ್ದಿಯನ್ನೂ ಗಟ್ಟಿ ದನಿಯಲ್ಲಿ ಹೇಳುವವಳು. ಆ ದನಿ ನಡುಗಿದ್ದನ್ನು ಅವತ್ತೇ ಮೊದಲು ಕೇಳಿದೆ. ಇಸ್ತ್ರಿ ಮಾಡಿದ ಬಿಳಿ ಶರ್ಟೊಂದನ್ನು ಕೊರಿಯರ್‌ನಲ್ಲಿ ಕಳಿಸಿದಳು. ಅದನ್ನು ಹಸುಗೂಸಿನ ಹಾಗೆ ಎತ್ತಿಕೊಂಡು ವಿಮಾನ ಹತ್ತಿದೆ.

ದೋಣಿಯಲ್ಲಿ ನನ್ನನ್ನು ಎದುರುಗೊಂಡದ್ದು ಒಂದು ಲುಂಗಿ, ಒಂದು ಗಡ್ಡ, ಒಂದು ಬೈನಾಕ್ಯುಲರ್. ಇವುಗಳ ನಡುವೆ ಎಲ್ಲೋ ಭಾವ ಇದ್ದರು. "ಚಪ್ಪಲಿ ಬಿಟ್ಟು ಹತ್ತು!" ಇದು ಸ್ವಾಗತ!

ವಿಕ್ಸಮ್ ಮನೆಯಲ್ಲಿ ಟೀ ಕುಡಿದ ಲೋಟವನ್ನು ಸಿಂಕಿನವರೆಗೆ ಒಯ್ದವರಲ್ಲ. ಅಂಥವರು ಇಲ್ಲಿ ಗೋಡೆಗೆ ಕೆಲಸದ ಪಟ್ಟಿ ಅಂಟಿಸಿದ್ದರು. ಆರಕ್ಕೆ ಹಕ್ಕಿ, ಒಂಬತ್ತಕ್ಕೆ ಡೆಕ್ ಉಜ್ಜುವುದು, ಹತ್ತಕ್ಕೆ ಪಾತ್ರೆ, ಹನ್ನೊಂದಕ್ಕೆ ಬಟ್ಟೆ. ಕೊನೆಯಲ್ಲಿ 'ಮೇಲ್ವಿಚಾರಣೆ' ಎಂದಿತ್ತು. ಅದು ಭಾವನ ಪಾಲು, ಮಿಕ್ಕಿದ್ದೆಲ್ಲ ನನ್ನದು. ಮಿಕ್ಸಿ ಓಡಬೇಕಾದರೆ ಸೋಲಾರ್ ಪ್ಯಾನೆಲ್ ದಯೆ ತೋರಬೇಕು. ಬಿಸಿಲಿದ್ದರೆ ಇಡ್ಲಿ, ಮೋಡವಿದ್ದರೆ ಉಪ್ಪಿಟ್ಟು.

ಪಾತ್ರೆ, ಬಟ್ಟೆ ಎಲ್ಲ ಸಮುದ್ರದ ನೀರಿನಲ್ಲೇ. ಸಿಹಿನೀರಿನ ಟ್ಯಾಂಕಿಗೆ ಭಾವನೇ ಕಾವಲು. ಸಮುದ್ರಸ್ನಾನ ಮುಗಿಸಿ ಮೈಗೆ ಸುರಿದುಕೊಳ್ಳಲು ದಿನಕ್ಕೊಂದು ಚೊಂಬು, ಅದೂ ಭಾವ ಚೊಂಬಿನೊಳಗೆ ಎಳೆದಿದ್ದ ಗೆರೆಯವರೆಗೆ ಮಾತ್ರ! ಉಪ್ಪುನೀರಿನಲ್ಲಿ ಒಗೆದ ಬನಿಯನ್ ಒಣಗಿದರೆ ಹಪ್ಪಳದ ಹಾಗೆ ಸೆಟೆದು ನಿಲ್ಲುತ್ತದೆ. ಹಾಕಿಕೊಂಡರೆ ಮೈಯೆಲ್ಲ ತುರಿಕೆ.

"ಭಾವ, ಒಂದೇ ಒಂದ್ ಬನಿಯನ್ ಒಳ್ಳೆ ನೀರಲ್ಲಿ ಜಾಲಿಸ್ಲಾ?"

"ಕುಡಿಯೋ ನೀರಲ್ಲಿ ಬನಿಯನ್ನಾ! ಯಾರಯ್ಯ ನೀನು, ಮಹಾರಾಜನಾ?"

ಆ ವಾರವೆಲ್ಲ ಒಂದು ಕೈಯಲ್ಲಿ ಬೈನಾಕ್ಯುಲರ್ ಹಿಡಿದು ಇನ್ನೊಂದು ಕೈಯಲ್ಲಿ ಕೆರೆದುಕೊಂಡೆ.

ಹಕ್ಕಿ ನೋಡುವುದಾದರೂ ಸುಖವೇ? ಬೆಳಗಾಗುವ ಮೊದಲೇ ಪುಟ್ಟ ದೋಣಿಯಲ್ಲಿ ದಡಕ್ಕೆ ಹೋಗಿ ಪೊದೆಯೊಳಗೆ ಕೂರಬೇಕು. ಸೊಳ್ಳೆ ಕಚ್ಚಿದರೂ ಹೊಡೆಯುವಂತಿಲ್ಲ, ಸದ್ದಾಗುತ್ತದಂತೆ! ಮೂರನೇ ದಿನ ಎಲೆಗಳ ಮರೆಯಲ್ಲಿ ಹಳದಿ ಕಂಡಿತು. "ಭಾವ, ಹಳದಿ! ಬಾಲ ಕುಣಿಸ್ತಿದೆ!" ಎಂದು ಪಿಸುಗುಟ್ಟಿದೆ. ಭಾವ ಉಸಿರು ಬಿಗಿಹಿಡಿದು ಹತ್ತು ನಿಮಿಷ ತೆವಳಿಕೊಂಡು ಹೋಗಿ ತಂದು ಕೈಗಿಟ್ಟರು. ಗಾಳಿಗೆ ಹಾರಿ ಬಂದ ಚಿಪ್ಸಿನ ಪೊಟ್ಟಣ!

ಇಂಟರ್‌ವ್ಯೂ ಮಾತೆತ್ತಿದರೆ ಮಾತ್ರ ಭಾವನಿಗೆ ಕಿವಿಯೇ ಕೇಳುತ್ತಿರಲಿಲ್ಲ. ಅಕ್ಕ ಕಳಿಸಿದ ಶರ್ಟನ್ನು ಅಲೆಗೆ ಅಲುಗದಿರಲೆಂದು ಇಡ್ಲಿ ಹಿಟ್ಟಿನ ಪಾತ್ರೆಗೆ ಸುತ್ತಿಟ್ಟುಬಿಟ್ಟರು. ಆ ಸೆಕೆಗೆ ಹಿಟ್ಟು ನಾಲ್ಕೇ ಗಂಟೆಯಲ್ಲಿ ಉಕ್ಕಿತು. ಜೇಬಿನ ತುಂಬ ಹಿಟ್ಟು! ನನಗೆ ಸಿಟ್ಟು ನೆತ್ತಿಗೇರಿತು. "ಅಕ್ಕನ ಮುಖ ನೋಡಿ ಆದ್ರೂ ಬರಬಾರ್ದಾ?" ಎಂದು ಕಿರುಚಿದೆ. "ಹಕ್ಕಿ ಕಾಣ್ಲಿ" ಎಂದು ಶರ್ಟನ್ನು ಮೂಲೆಗೆಸೆದರು.

ಶುಕ್ರವಾರ ಬಂತು. ಮಾರನೆಯ ಬೆಳಿಗ್ಗೆ ನಮ್ಮ ವಿಮಾನ. ನಾನು ಸಂಜೆ ಪಾತ್ರೆ ಉಜ್ಜುತ್ತಿದ್ದಾಗ ದೋಣಿ ಹೊಯ್ದಾಡಿ, ಭಾವ ಯಾರಿಗೂ ಮುಟ್ಟಲು ಬಿಡದ ಹಕ್ಕಿಗಳ ನೋಟ್‌ಬುಕ್ಕು ಕಾಲಬಳಿ ಬಿದ್ದು ತೆರೆದುಕೊಂಡಿತು. ಎತ್ತಿಡಲು ಹೋದವನು ಹಾಗೇ ನಿಂತೆ. ಐದು ವಾರದ ಹಿಂದಿನ ಪುಟದಲ್ಲಿ ಭಾವನ ಉರುಟು ಅಕ್ಷರ: 'ಕಂಡಿತು. ಹಳದಿ ಹೊಟ್ಟೆ. ಬಾಲ ಕುಣಿಸಿತು. ಎರಡು ನಿಮಿಷ ಕೂತಿತ್ತು.'

"ಭಾವ, ಏನಿದು? ಹಕ್ಕಿ ಆಗ್ಲೇ ಸಿಕ್ಕಿದೆ!"

ಭಾವ ನೋಟ್‌ಬುಕ್ಕನ್ನು ಎತ್ತಿ ಮುಚ್ಚಿದರು. "ಸಿಕ್ತು ಅಂದ್ರೆ ವಾಪಸ್ ಹೋಗ್ಬೇಕಲ್ಲೋ. ಹೋದ್ರೆ ಪಾಟ್‌ಲಕ್ ಊಟದಲ್ಲಿ, ಅಂಗಡೀಲಿ, ಎಲ್ಲರೂ ಅದೇ ಕೇಳ್ತಾರೆ, 'ಎಲ್ಲಾದ್ರೂ ಕೆಲಸ ಆಯ್ತಾ?' ಅಂತ. ಇಂಟರ್‌ವ್ಯೂನಲ್ಲಿ ಯಾವನೋ ಹುಡುಗ ನಿಮ್ಮ ಬಗ್ಗೆ ಹೇಳಿ ಅಂತಾನೆ. ಏನ್ ಹೇಳ್ಲಿ? ಜನ ಹಿಂದಕ್ಕೆ ಒರಗೋ ಹಾಗೆ ಮಾಡಿದ್ದೆ, ಈಗ ನಾನೇ ಒರಗಿದೀನಿ ಅಂತಲಾ? ಹೆದರಿಕೆ ಆಗತ್ತೆ ಕಣೋ."

ಓಕ್ ಬ್ರೂಕ್‌ನಲ್ಲಿ ನಾನೂ ಆ ವರ್ಷ ಪ್ರತಿ ಶುಕ್ರವಾರ ರಟ್ಟಿನ ಡಬ್ಬಕ್ಕೆ ಹೆದರಿಕೊಂಡೇ ಆಫೀಸಿಗೆ ಹೋಗುತ್ತಿದ್ದೆನಲ್ಲ! "ನಂಗೂ ಆಗತ್ತೆ ಭಾವ" ಎಂದಷ್ಟೇ ಹೇಳಿ ಪಾತ್ರೆ ಉಜ್ಜುವುದನ್ನು ಮುಂದುವರಿಸಿದೆ. ಅವರು ಪಕ್ಕಕ್ಕೆ ಬಂದು ಕೂತು, ಮೊದಲ ಬಾರಿಗೆ ಒಂದು ಲೋಟ ತೊಳೆದರು.

ಬೆಳಿಗ್ಗೆ ಎದ್ದು ನೋಡುತ್ತೇನೆ, ಡೆಕ್ಕಿನ ಹಗ್ಗದ ಮೇಲೆ ಬಿಳಿ ಶರ್ಟು! ಹಿಟ್ಟಿನ ಕಲೆ ಮಾಯ. ಪಕ್ಕದಲ್ಲಿ ಗಡ್ಡ ಬೋಳಿಸಿದ ಭಾವ. ಕಾಲಬಳಿ ಖಾಲಿ ಬಕೆಟ್ಟು, ಬಕೆಟ್ಟಿನ ಪಕ್ಕ ಖಾಲಿ ಟ್ಯಾಂಕು. ಒಂದು ಹನಿಯನ್ನೂ ಬಿಟ್ಟಿರಲಿಲ್ಲ.

"ಕುಡಿಯೋ ನೀರಲ್ಲಿ ಒಗೆದ್ರಾ!" ಎಂದೆ.

"ಉಪ್ಪುನೀರಲ್ಲಿ ಒಗೆದ್ರೆ ಕೆರೆಯತ್ತಲ್ಲೋ" ಎಂದರು, ಕಾಲರನ್ನು ಎಳೆದು ಸರಿಮಾಡುತ್ತ. "ಅಲ್ಲಿ ಕೆರ್ಕೊಂಡ್ ಕೂತ್ರೆ ನಿಮ್ಮಕ್ಕನ ಮರ್ಯಾದೆ ಏನಾಗ್ಬೇಕು?"

ಆ ದಿನ ನನ್ನ ಪಾಲಿನ ಚೊಂಬೂ ಶರ್ಟಿಗೇ ಹೋಗಿತ್ತು. ಡೆಟ್ರಾಯಿಟ್‌ವರೆಗೂ ಕೆರೆದುಕೊಳ್ಳುತ್ತಲೇ ಹೋದೆ. ಭಾವ ಪಕ್ಕದ ಸೀಟಿನಲ್ಲಿ, ಹಿಂದಕ್ಕೆ ಒರಗದೆ, ಶರ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಅವರನ್ನು ನೋಡಿ ನನಗೆ ಅಳು ಬಂತು. ಏನಾಯ್ತೋ ಎಂದು ಕೇಳಿದರು. ಉಪ್ಪು, ಕಣ್ಣಿಗೂ ಹೋಗಿದೆ ಎಂದೆ.