ಸಿ.ಡಿ. ಹಾಕದೆ ಕಣ್ಣು ಬಿಟ್ಟ ಕ್ಯಾಮೆರಾ

ಸಂಖ್ಯೆ: ಆಡಳಿತ/ಕಣ್ಗಾವಲು/ಸಿ.ಡಿ./ಪಾರಿವಾಳ/17

ವಿಷಯ: ಕಚೇರಿಯ ನೆಟ್‌ವರ್ಕ್ ಕ್ಯಾಮೆರಾವನ್ನು ಅದರೊಂದಿಗೆ ಬಂದ ತಂತ್ರಾಂಶದ ಸಿ.ಡಿ. ಬಳಸದೆ ಚಾಲನೆಗೊಳಿಸಿದ ಅಶಿಸ್ತಿನ ಬಗ್ಗೆ.

ಉಲ್ಲೇಖ:
1. ದಾಸ್ತಾನು ಪುಸ್ತಕ, ಪುಟ 40.
2. ಎಲೆಕ್ಟ್ರಿಷಿಯನ್‌ನ ಸಮಜಾಯಿಷಿ.
3. ಈ ತಿಂಗಳ ಹನ್ನೊಂದನೇ ತಾರೀಖು ಮಧ್ಯಾಹ್ನ 3.20ಕ್ಕೆ ಸದರಿ ಕ್ಯಾಮೆರಾ ತೆಗೆದ ಚಿತ್ರ (ಯಾರೂ ನೋಡಿರುವುದಿಲ್ಲ).

ಹಾಜರಿ ಪುಸ್ತಕ ಕಾಣೆಯಾದ ಕಾರಣ ದಾಖಲೆ ಕೊಠಡಿಯ ಸಹಾಯಕಿಯನ್ನು ಕಳೆದ ತಿಂಗಳು ಅಮಾನತಿನಲ್ಲಿಡಲಾಗಿದೆ. ತದನಂತರ ಅವರ ತಮ್ಮನೂ ಕಚೇರಿಯ ಎಲೆಕ್ಟ್ರಿಷಿಯನ್ನೂ ಆದ ವ್ಯಕ್ತಿಯು, ಹದಿನಾಲ್ಕು ತಿಂಗಳಿಂದ ಗೋಡೆಯ ಮೇಲೆ ಪ್ಲಾಸ್ಟಿಕ್ ಹೊದ್ದು ತೆಪ್ಪಗಿದ್ದ ಕ್ಯಾಮೆರಾವನ್ನು ಅರ್ಧ ಗಂಟೆಯಲ್ಲಿ ಚಾಲೂ ಮಾಡಿರುವುದು ಗಮನಕ್ಕೆ ಬಂದಿದೆ. ಆದ್ದರಿಂದ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ:

1. ದಾಸ್ತಾನು ಪುಸ್ತಕದಲ್ಲಿ ಸಿ.ಡಿ.ಯನ್ನು ಮುಖ್ಯ ವಸ್ತುವೆಂದೂ ಕ್ಯಾಮೆರಾವನ್ನು ಅದರ ಬಿಡಿಭಾಗವೆಂದೂ ನಮೂದಿಸಲಾಗಿದೆ. ಮುಖ್ಯ ವಸ್ತುವಿನ ಅಪ್ಪಣೆಯಿಲ್ಲದೆ ಬಿಡಿಭಾಗವು ಕೆಲಸ ಮಾಡತಕ್ಕದ್ದಲ್ಲ.

2. ಕಚೇರಿಯ ಯಾವ ಕಂಪ್ಯೂಟರಿನಲ್ಲೂ ಸಿ.ಡಿ. ಹಾಕುವ ಜಾಗವಿಲ್ಲವೆಂಬ ಆಕ್ಷೇಪಣೆಯನ್ನು ಪರಿಶೀಲಿಸಲಾಯಿತು. ಅದು ಕಂಪ್ಯೂಟರಿನ ತಪ್ಪು.

3. ಸದರಿ ಸಿ.ಡಿ. ದಂಡಕ್ಕೆ ಬಿದ್ದಿದೆ ಎಂಬುದು ಅಪಪ್ರಚಾರ. ಅದು ಅಧೀಕ್ಷಕರ ಕೊಠಡಿಯ ಕಿಟಕಿಯಲ್ಲಿ ದಾರಕ್ಕೆ ನೇತುಬಿದ್ದು ಪಾರಿವಾಳಗಳನ್ನು ಓಡಿಸುತ್ತಿದೆ. ಬದಲಿ ವ್ಯವಸ್ಥೆ ಆಗುವವರೆಗೆ ಅದನ್ನು ಬಿಚ್ಚುವಂತಿಲ್ಲ.

4. ಎಲೆಕ್ಟ್ರಿಷಿಯನ್ ತನ್ನ ಸಮಜಾಯಿಷಿಯಲ್ಲಿ, “ಕ್ಯಾಮೆರಾ ಅಡೀಲೇ ನಂಬರು, ಪಾಸ್‌ವರ್ಡು ಎರಡೂ ಅಂಟಿಸಿದ್ದಾರೆ ಸಾರ್. ಇಂಟರ್ನೆಟ್ ನೋಡೋ ಕಡೆ ಆ ನಂಬರ್ ಒತ್ತಿದೆ, ಬಂತು. ಮಾಡದೇ ಇರೋ ತಪ್ಪಿಗೆ ಅಕ್ಕ ಮನೇಲಿ ಕೂತು ಅಳ್ತಿರುವಾಗ ನಾನು ಸಿ.ಡಿ. ಹುಡುಕ್ತಾ ಇರ್ಲಾ?” ಎಂದು ಬರೆದಿರುತ್ತಾನೆ. ಕಚೇರಿ ಪತ್ರದಲ್ಲಿ ಅಳು ನಿಷಿದ್ಧ. ಇನ್ನು ಮುಂದೆ ಯಾವುದೇ ವಸ್ತುವಿನ ಅಡಿಭಾಗವನ್ನು ಓದುವ ಮುನ್ನ ಲಿಖಿತ ಅನುಮತಿ ಪಡೆಯತಕ್ಕದ್ದು.

5. ಸಿ.ಡಿ. ಇಲ್ಲದೆ ಕಂಡದ್ದನ್ನು ಕಂಡದ್ದೆಂದು ಪರಿಗಣಿಸಲಾಗುವುದಿಲ್ಲ. ಹನ್ನೊಂದರಂದು ಹೊಸ ಹಾಜರಿ ಪುಸ್ತಕವನ್ನೂ ಊಟದ ಚೀಲಕ್ಕೆ ಸೇರಿಸಿಕೊಂಡು ಹಿಂಬಾಗಿಲಿನಿಂದ ಹೊರಟ ವ್ಯಕ್ತಿಯು ಅಧೀಕ್ಷಕರನ್ನು ಹೋಲುತ್ತಾರೆಂದೂ, ಅಧೀಕ್ಷಕರು ತಿಂಗಳಿಗೆ ನಾಲ್ಕೇ ದಿನ ಬರುವುದರಿಂದ ಅವರಿಗೆ ಪುಸ್ತಕ ಕಂಡರಾಗದೆಂದೂ ಸಿಬ್ಬಂದಿ ಗುಸುಗುಸು ಮಾಡುತ್ತಿದ್ದಾರೆ. ಅಂದು ಅಧೀಕ್ಷಕರು ಬಂದಿದ್ದರೇ ಎಂಬುದನ್ನು ಹಾಜರಿ ಪುಸ್ತಕ ನೋಡಿಯೇ ನಿರ್ಧರಿಸಬೇಕಾಗಿದ್ದು, ಸದರಿ ಪುಸ್ತಕ ಲಭ್ಯವಿರುವುದಿಲ್ಲ. ಅಂದು ಸಹಾಯಕಿ ಕಚೇರಿಯಲ್ಲೇ ಇರಲಿಲ್ಲವೆಂಬುದು ಅವರ ಬೇಜವಾಬ್ದಾರಿಗೆ ಸಾಕ್ಷಿ.

6. ಕುಂಬಳಕಾಯಿ ಕಳ್ಳನ ಗಾದೆಯನ್ನು ಕಚೇರಿ ವೇಳೆಯಲ್ಲಿ ಬಳಸುವುದನ್ನು ನಿಷೇಧಿಸಲಾಗಿದೆ. ಅಧೀಕ್ಷಕರು ಹೆಗಲು ಮುಟ್ಟಿಕೊಳ್ಳುವುದು ವೈದ್ಯರ ಸಲಹೆಯ ಮೇರೆಗೆ.

7. ಸಹಾಯಕಿಯ ಅಮಾನತು ಮುಂದುವರಿಯುವುದು. ಅದೇ ಘಟನೆಯು ಸಿ.ಡಿ. ಮೂಲಕ ಮತ್ತೊಮ್ಮೆ ಕಂಡುಬಂದಲ್ಲಿ ಮಾತ್ರ ಅವರ ಮನವಿಯನ್ನು ಪರಿಶೀಲಿಸಲಾಗುವುದು. ಘಟನೆಯನ್ನು ಮತ್ತೊಮ್ಮೆ ನಡೆಸಿಕೊಡಲು ಅಧೀಕ್ಷಕರಿಗೆ ಸದ್ಯಕ್ಕೆ ಬಿಡುವಿಲ್ಲ.

8. ಅಲ್ಲಿಯವರೆಗೆ ಕ್ಯಾಮೆರಾವನ್ನು ಗೋಡೆಯ ಕಡೆ ತಿರುಗಿಸಿಡತಕ್ಕದ್ದು. ಗೋಡೆ ಕಳುವಾದಲ್ಲಿ ಕೂಡಲೇ ವರದಿ ಮಾಡುವುದು.

ಸಹಿ/-
ಅಧೀಕ್ಷಕರು
(ಶಿಬಿರ: ಸ್ವಗೃಹ)

ಪ್ರತಿಗಳು:
1. ಎಲೆಕ್ಟ್ರಿಷಿಯನ್‌ಗೆ, ಮೇಲ್ಭಾಗ ಮಾತ್ರ ಓದಲು.
2. ಅಮಾನತಿನಲ್ಲಿರುವ ಸಹಾಯಕಿಗೆ, ಮಾಹಿತಿಗಾಗಿ.
3. ಪಾರಿವಾಳಗಳಿಗೆ, ಕಿಟಕಿಯ ಹೊರಗಡೆ ಅಂಟಿಸುವ ಮೂಲಕ.
4. ಮೇಲಿನ ಕಚೇರಿಯ ನಿರ್ದೇಶಕರಿಗೆ. (ರವಾನೆ ಗುಮಾಸ್ತೆಯ ಟಿಪ್ಪಣಿ: ಉಲ್ಲೇಖಿಸಿದ ಪ್ರತಿಯೊಂದನ್ನೂ ತಪ್ಪದೆ ಲಗತ್ತಿಸತಕ್ಕದ್ದೆಂದು ಅಧೀಕ್ಷಕರೇ ಕಳೆದ ವರ್ಷ ಸುತ್ತೋಲೆ ಹೊರಡಿಸಿರುವುದರಿಂದ, ಉಲ್ಲೇಖ 3ರ ಚಿತ್ರವನ್ನೂ ಪೆನ್‌ಡ್ರೈವಿನಲ್ಲಿ ಲಗತ್ತಿಸಿದೆ. ನೋಡಲು ಸಿ.ಡಿ. ಬೇಕಾಗಿಲ್ಲ.)