ಹೆಂಡತಿಯ ಎಕ್ಸ್‌ಟೆನ್ಶನ್‌ಗೆ ನಾನು ಬಣ್ಣ ಹಾಕಿದ್ದು

ಹೆಂಡತಿ ತಲೆಗೆ ಕೃತಕ ಜಡೆ ಜೋಡಿಸಿಕೊಂಡರೂ ಒಂಚೂರು ಮುಖ ಸಿಂಡರಿಸದ ಗಂಡನೊಬ್ಬ ಈ ಭೂಮಿಯ ಮೇಲೆ ಇರಲೇಬೇಕು, ಅವನು ನಾನೇ ಏಕಾಗಬಾರದು ಎಂದು ಒಂದು ಶುಭ ಮುಂಜಾನೆ ತೀರ್ಮಾನಿಸಿಬಿಟ್ಟೆ.

ಅಂಥ ಉದಾತ್ತ ತೀರ್ಮಾನಕ್ಕೆ ಕಾರಣವಿತ್ತು. ನನ್ನವಳು ಹಟಮಾರಿ ಜ್ವರವೊಂದರಿಂದ ಎದ್ದ ಮೇಲೆ ಅವಳ ಕೂದಲು ದಿಂಬಿಗೂ ಬಚ್ಚಲಿನ ಜಾಲರಿಗೂ ಸಮಪಾಲಾಗಿ ಹಂಚಿಹೋಗಿತ್ತು. ಸರಿಯಾಗಿ ಅದೇ ಸಮಯಕ್ಕೆ ಅವಳ ಶಾಲೆಯವರು ಅವಳನ್ನು ಮುಖ್ಯೋಪಾಧ್ಯಾಯಿನಿ ಮಾಡಿದರು. ಸೋಮವಾರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಎಲ್ಲ ಮಕ್ಕಳ ಮುಂದೆ ನಿಂತು ಮೊದಲ ಭಾಷಣ ಮಾಡಬೇಕು. ಅದಕ್ಕೆಂದೇ ಅವಳು ಎಕ್ಸ್‌ಟೆನ್ಶನ್ ತಂದಳು. ಅಪ್ಪಟ ಮನುಷ್ಯರ ಕೂದಲು, ಬುಡದಲ್ಲಿ ಸಣ್ಣ ಕ್ಲಿಪ್ಪುಗಳು. ನಮ್ಮಜ್ಜಿ ಇದನ್ನೇ ಚೌರಿ ಎನ್ನುತ್ತಿದ್ದಳು. ಹೆಸರು ಉದ್ದವಾದ ಮೇಲೆ ಮರ್ಯಾದೆಯೂ ಬೆಳೆದಿದೆ.

ಶನಿವಾರ ಬೆಳಿಗ್ಗೆ ಅದನ್ನು ಸಿಕ್ಕಿಸಿಕೊಂಡು ನನ್ನೆದುರು ನಿಂತಳು.

“ರೀ, ಹೇಗಿದೆ?”

“ಚೆನ್ನಾಗಿದೆ.”

“ಚೆನ್ನಾಗಿದೆ ಅಂತಾನೋ, ಚೆನ್ನಾಗಿದೆ ಅಂದ್ಬಿಟ್ರೆ ಪೇಪರ್ ಓದಬಹುದು ಅಂತಾನೋ?”

ಇಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ನನ್ನ ಹೊಟ್ಟೆಪಾಡು ಅಂಥದ್ದು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಲ್ಯಾಬಿನಲ್ಲಿ ನಾನು ಶೇಡ್ ಹೊಂದಿಸುವವನು. ಗಿರಾಕಿಗಳು ಬೆರಳಗಲದ ಬಟ್ಟೆಯ ತುಂಡು ಕಳಿಸುತ್ತಾರೆ. ಥಾನುಗಟ್ಟಲೆ ಬಟ್ಟೆ ಅದೇ ಬಣ್ಣಕ್ಕೆ ತಿರುಗಬೇಕು. ಟ್ಯೂಬ್‌ಲೈಟಿನ ಕೆಳಗೆ ಅವಳಿಜವಳಿಯಂತಿರುವ ಎರಡು ಬಣ್ಣಗಳು ಹಗಲಿನ ಬೆಳಕಿಗೆ ಬಂದೊಡನೆ ದಾಯಾದಿಗಳಾಗುವುದನ್ನು ದಿನವೂ ನೋಡುವ ಕಣ್ಣು ನನ್ನದು. ಅದು ಮನೆಯಲ್ಲೂ ಸುಮ್ಮನಿರುವುದಿಲ್ಲ.

“ಸ್ವಲ್ಪ ಕಿಟಕಿ ಹತ್ರ ಬಾ,” ಎಂದೆ. ಬಂದಳು. ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ, ತೀರ್ಪು ಕೊಟ್ಟೆ. “ಕೆಂಪು ಹೊಡೀತಾ ಇದೆ.”

ಅವಳ ಮುಖ ಸಣ್ಣದಾಯಿತು. “ಅಂಗಳದಲ್ಲಿ ಬಿಸಿಲಿರತ್ತೆ ಕಣ್ರೀ. ನಮ್ಮ ಮಕ್ಕಳು ನಿಮಗೆ ಗೊತ್ತಿಲ್ಲ. ಹಿಂದಿನ ಹೆಡ್‌ಮಾಸ್ಟರ್ ಶರ್ಟಿನ ಒಂದು ಗುಂಡಿ ಒಂದೇ ಒಂದು ದಿನ ಕಿತ್ತುಹೋಗಿತ್ತು. ರಿಟೈರ್ ಆಗೋವರೆಗೂ ಅವರು ಗುಂಡಿ ಸಾರ್. ನಂಗೆ ಕೆಂಪುಬಾಲ ಅಂತ ಇಟ್ಟೇ ಇಡ್ತಾವೆ.”

“ಮನೇಲೇ ಶೇಡ್ ಮಾಸ್ಟರ್ ಇಟ್ಕೊಂಡು ಯಾಕೆ ಹೆದರ್ತೀಯ? ನಿನ್ನ ಸ್ವಂತ ಕೂದಲಿಗೂ ಇದಕ್ಕೂ ಸೂಜಿಮೊನೆಯಷ್ಟು ವ್ಯತ್ಯಾಸ ಕಾಣದ ಹಾಗೆ ಮಾಡಿಕೊಡ್ತೀನಿ.”

“ಬೇಡ ಬಿಡಿ. ಬಿಸಿಲಿಗೆ ಬೆನ್ನು ಹಾಕಿ ನಿಂತ್ಕೊತೀನಿ.”

“ಬೆನ್ನ ಮೇಲೇ ತಾನೇ ಅದು ಇರೋದು?” ಎಂದೆ. ಅವಳು ಒಂದೊಂದೇ ಕ್ಲಿಪ್ ಬಿಚ್ಚಿ ಕೊಟ್ಟಳು.

ಬಣ್ಣ ಹೊಂದಿಸಲು ಸ್ಯಾಂಪಲ್ ಬೇಕು. ಮೊದಲೇ ಉದುರುತ್ತಿರುವ ತಲೆಯಿಂದ ಒಂದೆಳೆ ಕೊಡು ಎಂದು ಹೆಂಡತಿಯನ್ನು ಕೇಳುವುದು ಕಟುಕನ ಕೆಲಸ. ಕನ್ನಡಿಯ ಮುಂದಿದ್ದ ಬಾಚಣಿಗೆಯಿಂದ ನಾಲ್ಕಾರು ಎಳೆ ಬಿಡಿಸಿ ಕವರಿನಲ್ಲಿ ಹಾಕಿಕೊಂಡು ಕಾರ್ಖಾನೆಗೆ ನಡೆದೆ.

ಲ್ಯಾಬಿನಲ್ಲಿ ಬಣ್ಣದ ಪುಡಿ ತೂಗುವ ನನ್ನ ಸಹೋದ್ಯೋಗಿ ಕತ್ತು ಚಾಚಿದ. “ಹೊಸ ಆರ್ಡರಾ ಸಾರ್?”

“ಮನೇದು. ಹೆಂಡತೀದು.”

ಅವನು ದನಿ ತಗ್ಗಿಸಿದ. “ನಿಮಗೆ ಬೇಜಾರಾಗಲ್ವಾ?”

“ಬೇಜಾರ್ಯಾಕೆ?”

“ನಮ್ಮನೆಯವಳೂ ಹಾಕ್ಕೋತಾಳೆ ಸಾರ್. ಗೊತ್ತಾದಾಗ ಮೋಸ ಹೋದೆ ಅನ್ನಿಸ್ತು. ಎರಡು ದಿನ ಸರಿಯಾಗಿ ಊಟ ಮಾಡ್ಲಿಲ್ಲ. ಈಗ ನಾನೇ ಹಾಕ್ಕೋ ಅಂತೀನಿ.”

“ಯಾಕೆ, ಚೆನ್ನಾಗಿ ಕಾಣ್ತಾರಾ?”

“ಜಗಳ ಕಮ್ಮಿಯಾಗತ್ತೆ ಸಾರ್. ತಲೆ ಜೋರಾಗಿ ಅಲ್ಲಾಡಿಸಿದ್ರೆ ಕ್ಲಿಪ್ ಬಿಚ್ಕೊಳತ್ತಲ್ಲ.”

ಇಂಥ ಅಲ್ಪತನ ನನಗೆ ಹಿಡಿಸಲಿಲ್ಲ. ಕೈಯಲ್ಲಿದ್ದ ಗಾಜಿನ ಕಡ್ಡಿಯನ್ನೇ ರಾಜದಂಡದಂತೆ ಎತ್ತಿ ಹಿಡಿದು ಅವನಿಗೊಂದು ಉಪದೇಶ ಮಾಡಿದೆ. “ನೋಡು, ಇರೋದನ್ನ ಇದ್ದ ಹಾಗೇ ತೋರಿಸೋ ಧೈರ್ಯ ಎಲ್ಲರಿಗೂ ಇರಲ್ಲ. ಅಂಥವರ ಮೇಲೆ ನಮ್ಮಂಥವರು ದೊಡ್ಡ ಮನಸ್ಸು ಮಾಡಬೇಕು.”

ಅವನು ನನ್ನ ಮುಖವನ್ನು ನೋಡಿದ, ಮುಖಕ್ಕಿಂತ ತುಸು ಮೇಲೂ ನೋಡಿದ, ಮತ್ತೆ ತೂಕಕ್ಕೆ ಹೋದ.

ಕೂದಲೂ ಉಣ್ಣೆಯೂ ಒಂದೇ ಜಾತಿ; ಉಣ್ಣೆಗೆ ಹಿಡಿಯುವ ಬಣ್ಣ ಕೂದಲಿಗೂ ಹಿಡಿಯುತ್ತದೆ. ಹದವಾದ ಬಿಸಿಯಲ್ಲಿ ಅದ್ದಿ, ತೆಗೆದು, ಜಾಲಾಡಿಸಿ, ಬಾಚಣಿಗೆಯ ಎಳೆಗಳ ಪಕ್ಕದಲ್ಲಿಟ್ಟು ಲ್ಯಾಬಿನ ಎಲ್ಲ ದೀಪಗಳ ಕೆಳಗೂ ನೋಡಿದೆ. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ನನಗೇ ತಿಳಿಯಲಿಲ್ಲ. ಭಾನುವಾರವೆಲ್ಲ ಅಲ್ಲೇ ಒಣಗಲು ಬಿಟ್ಟೆ. ಸೋಮವಾರ ಬೆಳಿಗ್ಗೆ ಬೇಗ ಹೋಗಿ ತಂದು, ಇಸ್ತ್ರಿ ಮಾಡಿದ ಸೀರೆಯುಟ್ಟು ಕಾಯುತ್ತಿದ್ದ ಅವಳ ಕೈಗೆ, ಕಿರೀಟ ಒಪ್ಪಿಸುವ ಮಂತ್ರಿಯಂತೆ ಒಪ್ಪಿಸಿದೆ.

ಅವಳು ಸಿಕ್ಕಿಸಿಕೊಂಡು ಕನ್ನಡಿಗೆ ಬೆನ್ನು ತಿರುಗಿಸಿ ನೋಡಿದಳು. ನಾನೂ ನೋಡಿದೆ. ಮೇಲರ್ಧ ಕಂದು ಬೆರೆತ, ಅಲ್ಲಲ್ಲಿ ನರೆತ ಕೂದಲು. ಕೆಳಗರ್ಧ ಅಮಾವಾಸ್ಯೆ. ಹಿಂದಿನಿಂದ ನೋಡಿದರೆ ಯಾರೋ ಅವಳನ್ನು ಭುಜದವರೆಗೆ ಟಾರಿನಲ್ಲಿ ಅದ್ದಿ ತೆಗೆದಂತಿತ್ತು.

“ಇದೇನ್ರೀ ಇದು?”

“ಸ್ಯಾಂಪಲ್‌ಗೆ ಕರೆಕ್ಟಾಗಿ ಹೊಂದಿದೆ,” ಎಂದು ಕವರಿನ ಎಳೆಗಳನ್ನು ತೋರಿಸಿದೆ. “ನಿನ್ನದೇ ಕೂದಲು. ಕನ್ನಡಿ ಹತ್ರದ ಬಾಚಣಿಗೇದು.”

ಅವಳು ಒಂದೆಳೆ ಎತ್ತಿ ಬೆಳಕಿಗೆ ಹಿಡಿದಳು. ಅದರ ಉದ್ದ ಹೆಬ್ಬೆರಳಿನಷ್ಟಿತ್ತು.

“ನಾನು ಕಾಯಿಲೆ ಬಿದ್ದಾಗಿಂದ ಬೇರೆ ಬಾಚಣಿಗೆ ಇಟ್ಕೊಂಡಿದೀನಿ. ಇದು ನಿಮ್ಮದು.”

“ನನ್ನ ಕೂದಲು ಇಷ್ಟು ಕಪ್ಪು…” ಎಂದು ಶುರು ಮಾಡಿದವನು ಅರ್ಧಕ್ಕೇ ನಿಲ್ಲಿಸಿದೆ.

ತಿಂಗಳಿಗೊಮ್ಮೆ ಬಚ್ಚಲುಮನೆಯ ಚಿಲಕ ಹಾಕಿಕೊಂಡು, ನಲ್ಲಿ ಜೋರಾಗಿ ಬಿಟ್ಟು ನಾನು ನಡೆಸುವ ಗುಪ್ತ ಕಾರ್ಯಾಚರಣೆ ಈ ಮನೆಯಲ್ಲಿ ಯಾರಿಗೂ ತಿಳಿಯದು ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು.

“ನಿನಗೆ ಗೊತ್ತಿತ್ತಾ?”

“ಟವೆಲ್ ಒಗೆಯೋದು ಯಾರು?”

ಎಷ್ಟು ವರ್ಷದಿಂದ ಗೊತ್ತು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಅವಳಿಗೆ ಹೇಳಲು ಸಮಯವೂ ಇರಲಿಲ್ಲ. ಎಕ್ಸ್‌ಟೆನ್ಶನ್ ಬಿಚ್ಚಿ ಮೇಜಿನ ಮೇಲಿಟ್ಟಳು. ಕನ್ನಡಿಯಲ್ಲಿ ತನ್ನ ತೆಳು ಕೂದಲನ್ನು ಯಾರೋ ಅಪರಿಚಿತರನ್ನು ನೋಡುವಂತೆ ನೋಡಿದಳು. ಬಾಚಿ ಪುಟ್ಟ ಗಂಟು ಹಾಕಿದಳು. “ಹೆಸರಿಟ್ರೆ ಇಡಲಿ,” ಎಂದು ತನಗೇ ಹೇಳಿಕೊಂಡು ಹೊರಟುಹೋದಳು. ಅವಳು ಬೈದಿದ್ದರೆ ಒಳ್ಳೆಯದಿತ್ತು. ಆ ದಿನ ಕಾರ್ಖಾನೆಯಲ್ಲಿ ನಾನು ಹಸಿರನ್ನು ನೀಲಿ ಎಂದು ಪಾಸು ಮಾಡಿದೆ.

ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೇಳಿದೆ. “ಹೆಸರಿಟ್ರಾ?”

“ಇಟ್ಟಿದಾವೆ. ಉದ್ದಭಾಷಣ ಮಿಸ್ ಅಂತ. ತಲೆ ಹಗುರಾಗಿತ್ತು, ಹಿಂದೆ ಏನು ಜಾರುತ್ತೋ ಅನ್ನೋ ಯೋಚನೆ ಇರ್ಲಿಲ್ಲ. ಮಾತಾಡ್ತಾನೇ ಹೋದೆ. ಮೊದಲನೇ ಪೀರಿಯಡ್ ಪೂರ್ತಿ ಹೋಯ್ತು.” ಆ ಹೆಸರು ಅವಳಿಗೆ ಹಿಡಿಸಿದಂತಿತ್ತು.

ನಾನು ನಿಟ್ಟುಸಿರು ಬಿಟ್ಟು, ಮೇಜಿನ ಮೇಲಿದ್ದ ಅಮಾವಾಸ್ಯೆಯನ್ನು ಕಸದ ಬುಟ್ಟಿಗೆ ಒಯ್ಯಲು ಎತ್ತಿಕೊಂಡೆ.

“ಎಸೀತೀರಾ? ಸೂಜಿಮೊನೆಯಷ್ಟೂ ವ್ಯತ್ಯಾಸ ಇಲ್ದೆ ಹೊಂದಿಸಿದೀರಿ. ಬಗ್ಗಿ ಸ್ವಲ್ಪ.”

ಬಗ್ಗಿದೆ. ಅವಳು ಕತ್ತರಿ ತಂದು ಕಚಕಚ ಎಂದು ಉದ್ದ ತಗ್ಗಿಸಿ, ನನ್ನ ನೆತ್ತಿಯ ಬಯಲಿನ ಸುತ್ತ ಉಳಿದಿದ್ದ ಕೂದಲಿಗೆ ಒಂದೊಂದೇ ಕ್ಲಿಪ್ ಸಿಕ್ಕಿಸಿ, ಕನ್ನಡಿಯ ಮುಂದೆ ತಂದು ನಿಲ್ಲಿಸಿದಳು. ಬಯಲು ಮಾಯವಾಗಿತ್ತು. ನಮ್ಮ ಮದುವೆಯ ಫೋಟೋದಲ್ಲಿದ್ದವನು ಕನ್ನಡಿಯಲ್ಲಿ ನಿಂತಿದ್ದ, ಹೊಟ್ಟೆಯೊಂದು ಬಿಟ್ಟು.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಸಾಕಾದ ಮೇಲೆ, “ಸರಿ, ತೆಗೀತೀನಿ ಬನ್ನಿ,” ಎಂದು ಕೈ ಚಾಚಿದಳು.

ನಾನು ತುಸು ಹಿಂದೆ ಸರಿದು, “ಕಿಟಕಿ ಹತ್ರ ಒಂದ್ಸಲ ನೋಡ್ಕೊಂಡು ಬರ್ತೀನಿ, ಇರು,” ಎಂದೆ.