ಮ್ಯಾಲ ಹ್ವಾದ ಗೋಲಿ

ನಾಗನಾಥ ಮಾಸ್ತರರ ಬಾಯಿ ಒಂದೇ ಒಂದು ನಿಮಿಷ ಸುಮ್ಮನಿದ್ದಿದ್ದರೆ ಮಗಳು ಸಂಗಮ್ಮನ ಅಕ್ಷತೆ ಹನ್ನೊಂದೂಕಾಲಕ್ಕೆ ಸುಸೂತ್ರವಾಗಿ ಬೀಳುತ್ತಿತ್ತು. ಆದರೆ ಅದು ಬಸವಕಲ್ಯಾಣದ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಕಲಿಸಿದ ಬಾಯಿ. ಪ್ರಶ್ನೆ ಕಿವಿಗೆ ಬಿತ್ತೆಂದರೆ ಉತ್ತರ ತಾನಾಗಿ ಹೊರಗೆ ಬರುತ್ತಿತ್ತು.

ಬೀಗರು ಹಳ್ಳಿಖೇಡದವರು. ಕಬ್ಬು ಬೆಳೆಯುವ ದೊಡ್ಡ ಕುಳ ಮಹಾರುದ್ರಪ್ಪನ ಮನೆತನದಲ್ಲಿ ನಿಜಾಮರ ಕಾಲದಿಂದ ಒಂದು ರೂಢಿ ಇತ್ತು. ಮೊದಲು ಆಕಾಶಕ್ಕೆ ಬಂದೂಕಿನ ಬಾರು ಹಾರಿಸಬೇಕು, ಆಮೇಲೆ ಅಕ್ಷತೆ. ಅವರ ಹಳೆಯ ಆಳು ಶಂಶುದ್ದೀನ್ ಹಂದರದ ಮೂಲೆಯಲ್ಲಿ ಕುಳಿತು ಮಾರುದ್ದದ ಬಂದೂಕಿಗೆ ಮದ್ದು ಜಡಿಯುತ್ತಿದ್ದ. ಅದನ್ನು ನೋಡುತ್ತ ನಿಂತಿದ್ದ ಡ್ರಿಲ್ ಮಾಸ್ತರ ದತ್ತಾತ್ರಿ ಹೊತ್ತು ಹೋಗದೆ ನಾಗನಾಥ ಮಾಸ್ತರರನ್ನು ಕೇಳಿದ:

“ಅಲ್ರೀ ಮಾಸ್ತರ, ಮ್ಯಾಲ ಹ್ವಾದ ಗೋಲಿ ಕಡೀಕ ಎಲ್ಲಿ ಹೋಗ್ತದ?”

“ಎಲ್ಲಿ ಹೋಗ್ತದ? ನೆಟ್ಟಗ ಹೋದದ್ದು ನೆಟ್ಟಗೇ ಕೆಳಗ ಬರ್ತದ. ಯಾವ ವೇಗದಾಗ ಹೋಗಿತ್ತೋ ಅದೇ ವೇಗದಾಗ!”

ಪಾಪ, ಮಾಸ್ತರರು ಕಲಿತದ್ದು ಉರ್ದುವಿನಲ್ಲಿ, ರಾಜ್ಯ ಒಂದಾದ ಮೇಲೆ ಕಲಿಸತೊಡಗಿದ್ದು ಕನ್ನಡದಲ್ಲಿ. ಉರ್ದುವಿನಿಂದ ಕನ್ನಡಕ್ಕೆ ಬರುವ ದಾರಿಯಲ್ಲಿ ‘ಹವಾ ಇಲ್ಲದ ಜಾಗದಲ್ಲಿ’ ಎಂಬ ಮೂರು ಮಾತು ಎಲ್ಲೋ ಬಿದ್ದುಹೋಗಿದ್ದವು.

ನೆರೆಮನೆಯ ಸುಮನಬಾಯಿ ಮೊದಲು ಎದ್ದಳು. ಹಂದರದ ತಟ್ಟಿಯನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, “ಅಯ್ಯ ನಮ್ಮವ್ವ! ಇದು ಗೋಲಿ ತಡೀತದೇನು?” ಎಂದು ಪಡಸಾಲೆಗೆ ಓಡಿದಳು. ಅವಳ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಗಂಡಸರು. ಬಾಜಾದವರು ಡೋಲನ್ನೇ ತಲೆಯ ಮೇಲೆ ಹೊತ್ತುಕೊಂಡು ನುಗ್ಗಿದರು. ದನದ ಕೊಟ್ಟಿಗೆ ತುಂಬಿ, ಎಮ್ಮೆ ಹೊರಗೆ ಬಂತು. ಬಾಸಿಂಗ ಕಟ್ಟಿದ ಮದುಮಗ ಕೂಡ ಸಂಗಮ್ಮನನ್ನು ಮಣೆಯ ಮೇಲೆ ಬಿಟ್ಟು ಬಾಗಿಲ ಮರೆಗೆ ಸರಿದ.

ಮಹಾರುದ್ರಪ್ಪನ ಮೀಸೆ ಕುಣಿಯಿತು. “ಬೀಗರ, ನಮ್ಮ ಅಜ್ಜನ ಕಾಲದಿಂದ ಬಾರ್ ಇಲ್ಲದ ಮದುವಿ ಆಗಿಲ್ಲ. ಇಲ್ಲಿ ಬಾರ್ ಹಾರಾಂಗಿಲ್ಲ ಅಂದ್ರ ಹೇಳಿಬಿಡ್ರಿ, ಮಗನ್ನ ಕರ್ಕೊಂಡು ಊರಿಗಿ ಹೋಗ್ಲಾಕ ಟ್ರ್ಯಾಕ್ಟರ್ ಚಾಲೂ ಮಾಡಸ್ತೀನಿ.”

ಮಾಸ್ತರರು ಮಣೆಯ ಮೇಲೆ ಒಬ್ಬಳೇ ಕುಳಿತ ಮಗಳನ್ನು ನೋಡಿದರು. ಬಿದ್ದುಹೋಗಿದ್ದ ಮೂರು ಮಾತು ಆಗ ನೆನಪಿಗೆ ಬಂದವು.

“ತಡೀರಿ, ತಡೀರಿ! ನಾ ಹೇಳಿದ್ದು ಹವಾ ಇರಲಾರದ ಜಾಗದ ಮಾತು. ಇಲ್ಲಿ ಹವಾ ಅದ. ಗೋಲಿಗಿ ಅಡ್ಡ ನಿಂತು ಅದರ ಸೊಕ್ಕು ಇಳಸ್ತದ. ಮಳಿ ಹನಿ ನೋಡ್ರಿ, ಎಷ್ಟು ಮ್ಯಾಲಿಂದ ಬೀಳ್ತದ! ಯಾರದರೆ ತಲಿ ತೂತ ಬಿದ್ದಾದೇನು? ಗೋಲಿ ಅಂದ್ರ ಒಂದು ದೊಡ್ಡ ಮಳಿ ಹನಿ, ಅಷ್ಟೇ!”

ಕೊಟ್ಟಿಗೆಯಿಂದ ದತ್ತಾತ್ರಿಯ ದನಿ ಬಂತು: “ಹಂಗಾರ ಬಂದೂಕಿನ ಬಾಜೂಕ ನೀವೇ ಕೂಡ್ರಿ ಮಾಸ್ತರ. ಗೋಲಿ ತಲಿ ಮ್ಯಾಲ ಬಿದ್ದು ನೀವು ನಕ್ರ, ನಾವು ಹೊರಗ ಬರ್ತೀವಿ.”

ಮನೆ ತುಂಬ ‘ಹೌದೌದು’ ಎದ್ದಿತು. ಮಾಸ್ತರರು ಹಂದರದಾಚೆ ಬಯಲು ಅಂಗಳದ ನಡುವೆ ಹೋಗಿ ಕುಳಿತರು, ಶಂಶುದ್ದೀನ್ ಬಂದೂಕು ಹಿಡಿದು ಪಕ್ಕದಲ್ಲಿ ನಿಂತ. ಹೆಂಡತಿ ಮಾಣಿಕಮ್ಮ ಹಿತ್ತಾಳೆಯ ಬೋಗುಣಿ ತಂದು ಅವರ ತಲೆಗೆ ಬೋರಲು ಹಾಕಿದಳು. “ನಮ್ಮವ್ವ ಕೊಟ್ಟದ್ದದ. ನೆಗ್ಗಿಸಬ್ಯಾಡ್ರಿ,” ಎಂದು ಹೇಳಿ ಒಳಗೆ ಹೋದಳು.

ಢಂ! ಓಣಿಯ ಕಾಗೆಗಳೆಲ್ಲ ಎದ್ದವು. ಶಂಶುದ್ದೀನ್ ಬಂದೂಕು ಹಿಡಿದು ಪಡಸಾಲೆ ಸೇರಿದ. ದತ್ತಾತ್ರಿ ಡ್ರಿಲ್ಲಿನ ದನಿಯಲ್ಲಿ ಎಣಿಸತೊಡಗಿದ. ಅರವತ್ತಾಯಿತು, ನೂರಾಯಿತು, ಇನ್ನೂರೂ ಆಯಿತು. ಗೋಲಿಯ ಸುಳಿವಿಲ್ಲ.

“ಅಂದ್ರ ಇನ್ನೂ ಮ್ಯಾಲೇ ಅದ!” ಎಂದಳು ಸುಮನಬಾಯಿ. “ಅದು ಇಳಿಯೂತನಕ ನಾ ಹೊರಗ ಬರಾಂಗಿಲ್ಲ.”

“ಮುಹೂರ್ತ ಮೀರಾಕತ್ತದ್ರೆಪ್ಪಾ,” ಎಂದು ಲಗ್ನ ಮಾಡಿಸುವ ಅಯ್ಯನವರು ಅಡುಗೆಮನೆಯಿಂದಲೇ ಕೂಗಿದರು.

ಬೋಗುಣಿಯ ಕತ್ತಲೆಯಲ್ಲಿ ಮಾಸ್ತರರು ಬೆವರಿ ನೀರಾದರು. ಬೀಳು ತಾಯಿ, ಬೇಗ ಬೀಳು, ನನ್ನ ತಲೆಗೇ ಬೀಳು ಎಂದು ಗೋಲಿಗೆ ಮನಸ್ಸಿನಲ್ಲೇ ಕೈಮುಗಿದರು. ಹೀಗೆ ಬೇಡಿಕೊಂಡ ಹೆಣ್ಣಿನ ತಂದೆ ಬೀದರ ಜಿಲ್ಲೆಯಲ್ಲಿ ಅವರೊಬ್ಬರೇ ಇರಬೇಕು.

ಠಣ್!

“ಬಿತ್ತು! ಬಿತ್ತು!” ಮಾಸ್ತರರು ಬೋಗುಣಿ ಎತ್ತಿ, ಹಲ್ಲು ಕಾಣುವಂತೆ ನಕ್ಕರು. ಕೊಟ್ಟಿಗೆ, ಪಡಸಾಲೆ, ಅಡುಗೆಮನೆ ಎಲ್ಲ ಒಮ್ಮೆಲೇ ಹಂದರಕ್ಕೆ ಹರಿದವು. ಮುಹೂರ್ತ ಮೀರಲು ಎರಡು ನಿಮಿಷ ಉಳಿದಿರುವಾಗ ಸಂಗಮ್ಮನ ತಲೆಯ ಮೇಲೆ ಅಕ್ಷತೆ ಬಿತ್ತು. ಮಾಸ್ತರರಿಗೆ ಕಣ್ಣು ತುಂಬಿ ಬಂದು ಮುಂದಿನದೇನೂ ಕಾಣಲಿಲ್ಲ.

ಊಟಕ್ಕೆ ಕುಳಿತಾಗ ಅವರು ಹುಗ್ಗಿಯ ಜೊತೆ ಹವಾದ ಗುಣವನ್ನೂ ಅಕ್ಕಪಕ್ಕದವರಿಗೆ ಬಡಿಸುತ್ತಿದ್ದರು. ಪಂಕ್ತಿ ಎದ್ದ ಮೇಲೂ ಎಲೆಯ ಮುಂದೆಯೇ ಇದ್ದ ಅವರ ಹತ್ತಿರ ಶಂಶುದ್ದೀನ್ ಬಂದು ಕುಕ್ಕರಗಾಲಲ್ಲಿ ಕುಳಿತ.

“ಮಾಸ್ತರ ಸಾಬ್, ಒಂದು ಮಾತು. ಮಾಲಕರಿಗಿ ಹೇಳಬ್ಯಾಡ್ರಿ. ನಾ ಇಪ್ಪತ್ತು ವರ್ಷದಿಂದ ಬರೇ ಮದ್ದು, ಚಿಂದಿ ತುಂಬಿ ಹಾರಸ್ತೀನಿ. ಯಾರ ತಲಿಗಿ ಬಿದ್ದಾದೋ ಅಂತ ಅಂಜಿ ಗೋಲಿ ಹಾಕಾಂಗಿಲ್ಲ. ಇವತ್ತೂ ಹಾಕಿಲ್ಲ. ಮತ್ತ ನಿಮ್ಮ ಬೋಗುಣಿ ಮ್ಯಾಲ ಬಿದ್ದದ್ದು ಏನ್ರಿ?”

ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಮಾಣಿಕಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಅರಿಶಿನ ಕೊಂಬನ್ನು ಎಲೆಯ ಪಕ್ಕ ಇಟ್ಟಳು. “ಮಾಳಗಿ ಮ್ಯಾಲಿಂದ ನಾನೇ ಒಗದೆ. ನಿಮ್ಮ ಗೋಲಿ ದಾರಿ ಕಾಯ್ಕೋತ ಕುಂತಿದ್ರ ಮಗಳ ಮದುವಿ ಆಗ್ತಿತ್ತೇನ್ರಿ?”

ಮಾಸ್ತರರು ಕೊಂಬನ್ನು ನೋಡಿದರು, ಹೆಂಡತಿಯನ್ನು ನೋಡಿದರು, ನಕ್ಕುಬಿಟ್ಟರು. ಹೋಗಲಿ, ಮದುವೆ ಆಯಿತು, ಮಾನ ಉಳಿಯಿತು. ಮೂವರ ಮಾತು ಮೂವರಲ್ಲೇ ಇರಲೆಂದು ಗಟ್ಟಿ ಮಾಡಿಕೊಂಡರು.

ಅಷ್ಟರಲ್ಲಿ ಮಹಾರುದ್ರಪ್ಪ ಎಲೆ ಅಡಿಕೆ ಮೆಲ್ಲುತ್ತ ಬಂದು ಬೀಗರನ್ನು ಅಪ್ಪಿಕೊಂಡ.

“ಭಲೇ ಬೀಗರ! ಬರೂ ಗುರುವಾರ ಕೊಡಂಬಲದಾಗ ನಮ್ಮ ತಂಗಿ ಮಗನ ಮದುವಿ ಅದ. ಗೋಲಿ ಮಾಸ್ತರರು ಬರಲೇಬೇಕು ಅಂತ ಈಗೇ ಮಂದಿ ದುಂಬಾಲು ಬಿದ್ದಾರ. ಶಂಶುದ್ದೀನಗ ವಯಸ್ಸಾತು, ಈ ಸಲ ಬಾರ್ ನಾನೇ ನನ್ನ ಕೈಯಾರೆ ತುಂಬತೀನಿ.”

ಶಂಶುದ್ದೀನ್ ಮಾಸ್ತರರ ಮುಖ ನೋಡಿದ. ಮಾಸ್ತರರು ಬೋಗುಣಿಯ ಕಡೆ ನೋಡಿದರು. ಅದು ಮಹಾರುದ್ರಪ್ಪನ ಕಣ್ಣಿಗೂ ಬಿತ್ತು.

“ಏ, ಅದನ್ನ ಮಾತ್ರ ತರಬ್ಯಾಡ್ರಿ! ಮಳಿ ಹನಿಗಿ ಯಾರರೆ ತಲಿಗಿ ಬೋಗುಣಿ ಹಾಕ್ಕೋತಾರೇನ್ರಿ?”

ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ನಾಗನಾಥ ಮಾಸ್ತರರ ಬಾಯಿಂದ ಉತ್ತರ ಬರಲಿಲ್ಲ.